ದೃಷ್ಟಿಬೊಟ್ಟು ಎಲ್ಲಿ ಹೋಯ್ತು?

ಕಳೆದ ಫೆಬ್ರವರಿಯಲ್ಲಿ ಅರಸೀಕೆರೆಯಲ್ಲಿ ನನ್ನ ತಂಗಿಯ ಮದುವೆ ಆಯಿತು. ಫೋಟೋ, ವಿಡಿಯೋ ಎರಡನ್ನೂ ಹಾಸನದ ಒಂದು ಸ್ಟುಡಿಯೋದವರಿಗೆ ಒಪ್ಪಿಸಿದ್ದೆವು. ಹಿಂದಿನ ಸಂಜೆಯ ಆರತಕ್ಷತೆ, ಮರುದಿನದ ಮುಹೂರ್ತ ಎರಡಕ್ಕೂ ಸೇರಿ 1 ಲಕ್ಷ 30 ಸಾವಿರ ರೂಪಾಯಿ. ನಾಲ್ಕು ಜನ ಬಂದಿದ್ದರು. ಒಬ್ಬ ಕ್ಯಾಂಡಿಡ್, ಅಂದರೆ ಯಾರಿಗೂ ಪೋಸ್ ಕೊಡಿಸದೆ ತೆಗೆಯುವವನು, ಒಬ್ಬ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೆಗೆಯುವವನು, ಒಬ್ಬ ವಿಡಿಯೋ, ಇನ್ನೊಬ್ಬ ಲೈಟ್ ಹಿಡಿಯುವ ಹುಡುಗ. ಸ್ಟುಡಿಯೋ ಹೆಸರು ಬರೆಯುವುದಿಲ್ಲ. ಅವರಿಂದ ಒಂದು ದೊಡ್ಡ ಎಡವಟ್ಟಾಯಿತು, ಆಮೇಲೆ ತಿದ್ದಿಯೂ ಕೊಟ್ಟರು. ತಿದ್ದಿಕೊಟ್ಟವರ ಹೆಸರು ಕೆಡಿಸುವುದು ಸರಿಯಲ್ಲ, ಅಲ್ವಾ? ಮದುವೆ ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಬೆಳಕಿನ ವಿಷಯ ಬಂದರೆ ಸುಮ್ನೆ ಇರಲು ನನ್ನಿಂದ ಆಗುವುದಿಲ್ಲ. ಮದುವೆಮನೆ ಕೆಲಸ ಬಿಟ್ಟು ಫೋಟೋದವರ ಹಿಂದೆ ಸುತ್ತಿದ್ದಕ್ಕೆ ಅಮ್ಮನಿಂದ ಚೆನ್ನಾಗಿ ಬೈಸಿಕೊಂಡೆ.

ಆರತಕ್ಷತೆಯ ದಿನ ಮಧ್ಯಾಹ್ನವೇ ಕ್ಯಾಂಡಿಡ್ ಹುಡುಗ ಛತ್ರಕ್ಕೆ ಬಂದ. ಮಂಟಪ ನೋಡಲಿಲ್ಲ, ಹೂವಿನ ಅಲಂಕಾರ ನೋಡಲಿಲ್ಲ. ಕತ್ತೆತ್ತಿ ಸೂರು ನೋಡುತ್ತಾ ನಿಂತ. "ಮೇಡಂ, ಸೂರಿಗೆ ಗುಲಾಬಿ ಬಣ್ಣ ಹೊಡೆಸಿದ್ದಾರೆ. ಫ್ಲ್ಯಾಶ್ ಮೇಲಕ್ಕೆ ತಿರುಗಿಸಿ ಹೊಡೆದ್ರೆ ಎಲ್ರೂ ಗುಲಾಬಿ ಆಗ್ತಾರೆ" ಎಂದ. ಸೂರು ಬಿಳಿ ಇದ್ದಿದ್ದರೆ ಬೆಳಕು ಅಲ್ಲಿಗೆ ಬಡಿದು ಮೆತ್ತಗೆ ಹರಡಿ ಕೆಳಗೆ ಬರುತ್ತಿತ್ತಂತೆ. ಇಲ್ಲಿ ಅದು ನಡೆಯುವುದಿಲ್ಲ ಎಂದು ಹಾಲಿನ ಎರಡು ಮೂಲೆಯಲ್ಲಿ ಸ್ಟ್ಯಾಂಡ್ ನಿಲ್ಲಿಸಿ, ಬಿಳಿ ಕೊಡೆ ಕಟ್ಟಿ, ಅದರೊಳಗೆ ಫ್ಲ್ಯಾಶ್ ಹೊಡೆಯುವ ಏರ್ಪಾಡು ಮಾಡಿದ. ಅಲ್ಲಿಗೆ ನನಗೆ ನಂಬಿಕೆ ಬಂತು. ನಮ್ಮ ಕಾಲದ ಮದುವೆಯಲ್ಲಿ ಕೋಲಿನ ತುದಿಯ ಹ್ಯಾಲೋಜನ್ ಲೈಟ್ ಮುಖಕ್ಕೆ ಹಿಡಿದು ನನ್ನನ್ನು ಬೇಯಿಸಿಬಿಟ್ಟಿದ್ದರು. ನನ್ನ ಆಲ್ಬಂನಲ್ಲಿ ಅರ್ಧಕ್ಕರ್ಧ ಫೋಟೋಗಳಲ್ಲಿ ನಾನು ಕಣ್ಣು ಮುಚ್ಚಿದ್ದೇನೆ.

ಸಂಜೆ ಡೆಕೊರೇಷನ್‌ನವರ ಜೊತೆ ಒಂದು ಸಣ್ಣ ಜಗಳ ಆಯಿತು. ಅವರು ಸ್ಟೇಜಿನ ಎರಡೂ ಕಡೆ ನೇರಳೆ ಬಣ್ಣದ ಎಲ್‌ಇಡಿ ಫೋಕಸ್ ಇಟ್ಟಿದ್ದರು. ಕಣ್ಣಿಗೆ ಚಂದ. ಆದರೆ ತಂಗಿಯ ಒಂದು ಕೆನ್ನೆ ನೇರಳೆಹಣ್ಣು ತಿಂದು ಒರೆಸಿಕೊಂಡಂತೆ ಕಾಣುತ್ತಿತ್ತು. ಫೋಟೋದವನು ಆರಿಸಿ ಎಂದ, ಅವರು ದುಡ್ಡು ತಗೊಂಡು ಹಾಕಿದ್ದೀವಿ ಆರಿಸಲ್ಲ ಎಂದರು. ಕೊನೆಗೆ ಅಪ್ಪ ಹೋಗಿ ಫೋಕಸ್‌ಗಳನ್ನು ಹಿಂದಿನ ಪರದೆಯ ಕಡೆಗೆ ತಿರುಗಿಸಿಕೊಟ್ಟರು. ಹಿನ್ನೆಲೆ ನೇರಳೆ, ಮುಖ ಮುಖದ ಬಣ್ಣ. ಎರಡೂ ಕಡೆಯವರಿಗೆ ಸಮಾಧಾನ. ಅದೇ ಸ್ಟೇಜಿನಲ್ಲಿ ನನ್ನ ಮಗ ಮೊಬೈಲಿನಲ್ಲಿ ತೆಗೆದ ಫೋಟೋಗಳಲ್ಲೆಲ್ಲ ಅಡ್ಡಡ್ಡ ಕಪ್ಪು ಪಟ್ಟೆ ಬಂದಿದೆ. ನಮ್ಮ ಕರೆಂಟ್ 50 ಹರ್ಟ್ಸ್. ಒಂದು ಸುತ್ತಿಗೆ ಎರಡು ಸಲದಂತೆ ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ನಮ್ಮ ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಶಟರ್ ಸೆಕೆಂಡಿನ ನೂರನೇ ಒಂದು ಭಾಗ ತೆರೆದಿದ್ದರೆ ಸರಿಯಾಗಿ ಒಂದು ಮಿಣುಕು ಪೂರ್ತಿ ಒಳಗೆ ಬರುತ್ತದೆ, ಪಟ್ಟೆ ಬೀಳುವುದಿಲ್ಲ. ಕ್ಯಾಂಡಿಡ್ ಹುಡುಗ ಶಟರನ್ನು ಅಲ್ಲೇ ಇಟ್ಟುಕೊಂಡಿದ್ದ. ಅವನಿಗೆ ಹರ್ಟ್ಸ್ ಲೆಕ್ಕ ಗೊತ್ತಿರಲಿಲ್ಲ, ನೂರರಲ್ಲಿ ಇಟ್ಟರೆ ಪಟ್ಟೆ ಬರಲ್ಲ ಅನ್ನುವುದು ಗೊತ್ತಿತ್ತು. ಲೆಕ್ಕ ನಾನು ಹೇಳಿಕೊಟ್ಟೆ.

ಆರತಕ್ಷತೆಯಲ್ಲಿ ಒಂದಿಷ್ಟು ಸರ್ಕಸ್ಸೂ ನಡೆಯಿತು. ಶಟರ್ ಜಾಸ್ತಿ ಹೊತ್ತು ತೆರೆದಿಟ್ಟು ಕ್ಯಾಮೆರಾ ತಿರುಗಿಸಿದರೆ ಹಿಂದಿನ ಸೀರಿಯಲ್ ಸೆಟ್ ದೀಪಗಳೆಲ್ಲ ಎಳೆ ಎಳೆಯಾಗುತ್ತವೆ, ಕೊನೆಯಲ್ಲಿ ಫ್ಲ್ಯಾಶ್ ಬಿದ್ದು ಮುಖ ಮಾತ್ರ ನಿಲ್ಲುತ್ತದೆ. ಕಿರಿಯರು ಓಹೋ ಎಂದರು. ಅಪ್ಪ "ಕೈ ಅಲುಗಾಡಿದೆಯಲ್ಲಪ್ಪ, ಇನ್ನೊಂದ್ಸಲ ತೆಗಿ" ಎಂದರು. ಲೆನ್ಸಿನ ಕೆಳಗೆ ಮೊಬೈಲ್ ಅಡ್ಡ ಹಿಡಿದು, ಅದರ ಗಾಜಿನಲ್ಲಿ ಪ್ರತಿಬಿಂಬ ಬರುವಂತೆ ಒಂದು ತೆಗೆದ. ಗಂಡುಹೆಣ್ಣು ಕೆರೆ ದಂಡೆಯಲ್ಲಿ ನಿಂತ ಹಾಗಿದೆ. ಛತ್ರದೊಳಗೆ ಕೆರೆ ಎಲ್ಲಿಂದ ಬಂತು ಎಂದು ಈಗಲೂ ನೆಂಟರು ಕೇಳುತ್ತಾರೆ. ಇಂಥವು ಒಂದೆರಡು ಸಾಕು. ಇವರು ಇಪ್ಪತ್ತು ಕೊಟ್ಟಿದ್ದಾರೆ.

ನಿಜವಾದ ಕೈಚಳಕ ಕಂಡಿದ್ದು ಮರುದಿನ ಬೆಳಿಗ್ಗೆ. ಗೌರಿ ಪೂಜೆಗೆ ತಂಗಿ ಕೂತಿದ್ದು ಒಂದು ಸಣ್ಣ ಕೋಣೆಯಲ್ಲಿ. ಎರಡು ದೀಪದ ಕಂಬ, ಒಂದು ಕಿಟಕಿ, ಆರು ಗಂಟೆಯ ಮಬ್ಬು. ಹುಡುಗ ಟ್ಯೂಬ್‌ಲೈಟ್ ಆರಿಸಿದ. ಜೇಬಿನಿಂದ ಕಿತ್ತಳೆ ಬಣ್ಣದ ತೆಳು ಹಾಳೆ ತೆಗೆದು ಫ್ಲ್ಯಾಶಿಗೆ ಅಂಟಿಸಿದ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆ ಆದಷ್ಟೂ ಬೆಳಕು ಕೆಂಪು. ಎಣ್ಣೆ ದೀಪದ ಬೆಳಕು ಸುಮಾರು 1,900 ಕೆಲ್ವಿನ್, ಫ್ಲ್ಯಾಶಿನದು ಸುಮಾರು 5,500. ಹಾಳೆ ಇಲ್ಲದೆ ಹೊಡೆದರೆ ದೀಪ ಕೆಂಪಗೆ ಉರಿಯುತ್ತಿರುತ್ತದೆ, ಎದುರಿಗೆ ಕೂತವಳ ಮುಖ ಮಾತ್ರ ಬ್ಯಾಂಕಿನೊಳಗೆ ತೆಗೆದಂತೆ ಬೆಳ್ಳಗೆ ಇರುತ್ತದೆ. ಹಾಳೆ ಹಾಕಿದ್ದರಿಂದ ಅವಳ ಮುಖದ ಬೆಳಕೂ ದೀಪದಿಂದಲೇ ಬಂದಂತೆ ಕಾಣುತ್ತದೆ. ಆ ಫೋಟೋದಲ್ಲಿ ಫ್ಲ್ಯಾಶ್ ಇತ್ತು ಅಂದರೆ ಯಾರೂ ನಂಬುವುದಿಲ್ಲ.

ಅಂತರಪಟದ ಫೋಟೋ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಗಂಡು, ಹೆಣ್ಣಿನ ನಡುವೆ ಬಿಳಿ ಬಟ್ಟೆ ಹಿಡಿದಿದ್ದರು, ಮಧ್ಯೆ ಕುಂಕುಮದ ಸ್ವಸ್ತಿಕ. ಲೈಟ್ ಹುಡುಗ ಒಂದು ಫ್ಲ್ಯಾಶನ್ನು ಕೊಡೆ ಬಿಚ್ಚಿ ಗಂಡಿನ ಬೆನ್ನ ಹಿಂದೆ ಹದಿನೈದು ಅಡಿ ದೂರದಲ್ಲಿ ಹಿಡಿದ. ಕ್ಯಾಮೆರಾ ಹೆಣ್ಣಿನ ಹಿಂದೆ. ಪುರೋಹಿತರು ಮಂತ್ರದ ನಡುವೆಯೇ "ಪೂರ್ವದಲ್ಲಿ ಒಬ್ಬ ಸೂರ್ಯ ಇದ್ದಾನಲ್ಲಯ್ಯಾ, ಇದ್ಯಾವುದು ಇನ್ನೊಂದು?" ಎಂದರು. ನಾನು ಮಕ್ಕಳಿಗೆ ಟಾರ್ಚು ಹಿಡಿದು ತೋರಿಸುವ ಪಾಠವೇ ಇದು. ಬೆಳಕಿನ ಮೂಲ ಚಿಕ್ಕದಿದ್ದು ದೂರ ಇದ್ದರೆ, ವಸ್ತು ಪರದೆಗೆ ಹತ್ತಿರ ಇದ್ದರೆ, ನೆರಳು ಗೀರಿ ತೆಗೆದ ಹಾಗೆ ಬೀಳುತ್ತದೆ. ಕೊಡೆ ಇದ್ದಿದ್ದರೆ ಅಂಚು ಮಸುಕಾಗುತ್ತಿತ್ತು. ಈ ಫೋಟೋದಲ್ಲಿ ಬಟ್ಟೆಯ ಮೇಲೆ ಗಂಡಿನ ನೆರಳು, ಬಾಸಿಂಗದ ಅಂಚು ಸಮೇತ. ಈ ಕಡೆ ತಂಗಿಯ ಕಪ್ಪು ಆಕಾರ, ಕೈಯಲ್ಲಿ ಜೀರಿಗೆ ಬೆಲ್ಲ. ಒಬ್ಬರನ್ನೊಬ್ಬರು ನೋಡಬಾರದ ಹೊತ್ತಿನಲ್ಲಿ ನಮಗೆ ಮಾತ್ರ ಇಬ್ಬರೂ ಕಾಣುತ್ತಾರೆ. ಎಡಿಟಿಂಗ್‌ನಲ್ಲಿ ಇದಕ್ಕೆ ಏನೂ ಮಾಡಿಲ್ಲ. ಮಾಡಲು ಉಳಿದೂ ಇರಲಿಲ್ಲ.

ಬಟ್ಟೆ ಸರಿದ ಕೂಡಲೇ ಹಾರಿದ ಜೀರಿಗೆ ಬೆಲ್ಲ, ತಾಳಿ ಕಟ್ಟುವಾಗಿನ ಅಕ್ಷತೆ, ಎರಡರಲ್ಲೂ ಒಂದೊಂದು ಕಾಳು ಗಾಳಿಯಲ್ಲಿ ನಿಂತಿದೆ. ಎಣಿಸಬಹುದು. ಪೂರ್ತಿ ಜೋರಿನಲ್ಲಿ ಹೊಡೆಯದಿದ್ದರೆ ಫ್ಲ್ಯಾಶ್ ಮಿಂಚುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತು, ಅದಕ್ಕೆ. ಹೋಮದ ಹೊಗೆಯನ್ನೂ ಹಿಂದಿನಿಂದ ಬೆಳಗಿಸಿದ್ದಾನೆ, ಸುರುಳಿ ಸುರುಳಿಯಾಗಿ ಕಾಣುತ್ತದೆ. ಅದೇ ಹೊಗೆಗೆ ಎದುರಿನಿಂದ ಲೈಟ್ ಹಾಕಿದ ವಿಡಿಯೋದವನ ಚಿತ್ರದಲ್ಲಿ ಬರೀ ಬಿಳಿ ಮಂಜು, ಮಂಜಿನೊಳಗೆ ನಮ್ಮ ಭಾವ ಕೆಮ್ಮುವುದು ಮಾತ್ರ ಕೇಳುತ್ತದೆ.

ಆದರೂ ಇಡೀ ಮದುವೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಯಾವ ಲೈಟೂ ಇಲ್ಲದ್ದು. ಅರುಂಧತಿ ನಕ್ಷತ್ರ ತೋರಿಸಲು ಛತ್ರದ ಬಾಗಿಲಿಗೆ ಬಂದರಲ್ಲ, ಆಗ ಹನ್ನೊಂದು ಗಂಟೆ. ಹೊರಗಿನ ಸಿಮೆಂಟ್ ಅಂಗಳಕ್ಕೆ ಬಿಸಿಲು ಬಿದ್ದು, ಅದು ಕೆಳಗಿನಿಂದ ಇಬ್ಬರ ಮುಖಕ್ಕೂ ಹಾಯುತ್ತಿತ್ತು. ಹುಡುಗ ಫ್ಲ್ಯಾಶ್ ಆಫ್ ಮಾಡಿದ. ಹಗಲಲ್ಲಿ ಇಲ್ಲದ ನಕ್ಷತ್ರ ಹುಡುಕುತ್ತಾ ಇಬ್ಬರೂ ನಗುತ್ತಿದ್ದಾರೆ. ಯಾವಾಗ ಲೈಟ್ ಹಾಕಬಾರದು ಎಂದು ಗೊತ್ತಿರುವವನಿಗೆ ಜಾಸ್ತಿ ದುಡ್ಡು ಕೊಡಬಹುದು.

ಊಟದ ಕಡೆಯ ಫೋಟೋಗಳು ಸುಮಾರು. ಕೆಂಪು ಶಾಮಿಯಾನದ ಕೆಳಗೆ ಎಲ್ಲರೂ ಕೆಂಪು, ಅನ್ನವೂ ಕೆಂಪು. ಅವನ್ನೆಲ್ಲ ಕಪ್ಪು ಬಿಳುಪು ಮಾಡಿ ಕೊಟ್ಟಿದ್ದಾರೆ. ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಬಿಳಿ ಶಾಮಿಯಾನ ಹಾಕಿಸಿ ಎಂದು ಯಾರಾದರೂ ನಮಗೆ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಈಗ ಎಡವಟ್ಟಿನ ಕಥೆ. 45 ದಿನ ಬಿಟ್ಟು 600 ಫೋಟೋಗಳ ಲಿಂಕ್ ಬಂತು. ಟಿವಿಗೆ ಹಾಕಿ ಮನೆಯವರೆಲ್ಲ ಕೂತೆವು. ಐದು ನಿಮಿಷದಲ್ಲಿ ಅಮ್ಮ "ನಿಲ್ಸು, ನಿಲ್ಸು" ಎಂದರು. "ದೃಷ್ಟಿಬೊಟ್ಟು ಎಲ್ಲಿ ಹೋಯ್ತು?"

ಮುಹೂರ್ತದ ಬೆಳಿಗ್ಗೆ ಅಜ್ಜಿ ತಮ್ಮ ಕೈಯಾರೆ ತಂಗಿಯ ಎಡಗೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟಿದ್ದರು. ಗೌರಿ ಪೂಜೆಯಲ್ಲಿ ಇದೆ. ಧಾರೆಯಲ್ಲಿ ಇಲ್ಲ. ಸಪ್ತಪದಿಯಲ್ಲಿ ವಾಪಸ್ ಬಂದಿದೆ. ಆಲ್ಬಂಗೆ ಎಂದು ಆರಿಸಿದ ಫೋಟೋಗಳಲ್ಲಿ ಮಾತ್ರ ಮುಖ ನುಣುಪು ಮಾಡಿದ್ದಾರೆ, ಆ ಭರದಲ್ಲಿ ಬೊಟ್ಟನ್ನೂ ಒರೆಸಿದ್ದಾರೆ. ಬೊಟ್ಟು ಇಲ್ಲದ ಫೋಟೋಗಳನ್ನೇ ಎಲ್ಲರಿಗೂ ಕಳಿಸಿದರೆ ಕಣ್ಣು ಬೀಳದೆ ಇರುತ್ತಾ ಎಂಬುದು ಅಮ್ಮನ ಪ್ರಶ್ನೆ. ವಿಜ್ಞಾನದ ಮೇಡಂ ಆದರೂ ಆ ಹೊತ್ತಿಗೆ ನಾನು ಬಾಯಿ ಬಿಡಲಿಲ್ಲ.

ಅಜ್ಜಿಯದು ಇನ್ನೂ ಅನ್ಯಾಯ. ಅವರಿಗೆ 84 ವರ್ಷ. ಹುಬ್ಬುಗಳ ನಡುವೆ ಹಸಿರು ಹಚ್ಚೆ ಇದೆ, ಮದುವೆಗೆ ಮುಂಚೆ ತವರಿನಲ್ಲಿ ಹಾಕಿಸಿದ್ದು. ಅದೂ ಮಾಯ. ಸುಕ್ಕೂ ಮಾಯ. ಅಜ್ಜಿ ಟಿವಿ ಹತ್ತಿರ ಹೋಗಿ ನೋಡಿ ಕೇಳಿದರು: "ಇದ್ಯಾರೇ ಇವ್ಳು, ನನ್ ಸೀರೆ ಉಟ್ಕಂಡಿರೋಳು?"

ಮೂರನೆಯದು ಬಣ್ಣ. ಎಲ್ಲ ಫೋಟೋಗಳಿಗೂ ಒಂದೇ ಪ್ರೀಸೆಟ್, ಅಂದರೆ ಮೊದಲೇ ಸಿದ್ಧ ಮಾಡಿಟ್ಟ ಬಣ್ಣದ ಹೊಂದಾಣಿಕೆ, ಬಳಿದಿದ್ದರು. ಈಗ ಇನ್‌ಸ್ಟಾಗ್ರಾಂನಲ್ಲಿ ಓಡುತ್ತಿರುವ ಕಂದು ಬಣ್ಣದ ಆ ಮಂಕು ಲುಕ್. ಆರತಕ್ಷತೆಗೆ ತಂಗಿ ಉಟ್ಟಿದ್ದು ಗಿಳಿಹಸಿರು ಮೈಸೂರು ಸಿಲ್ಕ್. ಅಮ್ಮ ಮೈಸೂರಿಗೆ ಹೋಗಿ, ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಯ ಮಳಿಗೆಯ ಮುಂದೆ ಬೆಳಿಗ್ಗೆಯೇ ಸಾಲಿನಲ್ಲಿ ನಿಂತು ತಂದದ್ದು. ಅದು ಒಣಗಿದ ಕರಿಬೇವಿನ ಬಣ್ಣಕ್ಕೆ ಇಳಿದಿತ್ತು. ಬಾಗಿಲಿನ ಮಾವಿನ ತೋರಣ ನೋಡಿದರೆ ಯುಗಾದಿಗೆ ಕಟ್ಟಿ ಗಣೇಶನ ಹಬ್ಬದವರೆಗೂ ಬಿಟ್ಟ ಹಾಗಿತ್ತು. ಅರಿಶಿನದ ಕೊಂಬು ಮಣ್ಣಿನ ಹೆಂಟೆಯಂತೆ. ನಮ್ಮ ಮದುವೆಯಲ್ಲಿ ಇರುವುದೇ ಹಳದಿ, ಹಸಿರು, ಕೆಂಪು. ಆ ಮೂರನ್ನೂ ತಗ್ಗಿಸಿದರೆ ಇನ್ನೇನು ಉಳಿಯಿತು?

ಫೋನಿನಲ್ಲಿ ಹೇಳಿದರೆ ಆಗುವ ಮಾತಲ್ಲ ಎಂದು ಶನಿವಾರ ಮಧ್ಯಾಹ್ನ ಸೀರೆಯನ್ನು ಬ್ಯಾಗಿಗೆ ಹಾಕಿಕೊಂಡು ಹಾಸನಕ್ಕೆ ಹೋದೆ. ಎಡಿಟಿಂಗ್ ಮಾಡುವ ಹುಡುಗ ಕಿಟಕಿಗೆ ಕಪ್ಪು ಬಟ್ಟೆ ಹಾಕಿಕೊಂಡು ಕೂತಿದ್ದ. ಸೀರೆ ಬಿಚ್ಚಿ ಮಾನಿಟರ್ ಪಕ್ಕ ಹರಡಿದೆ. ಅವನು ಸೀರೆ ನೋಡಿದ, ಪರದೆ ನೋಡಿದ, ತಲೆ ಕೆರೆದುಕೊಂಡ. "ಸಾರಿ ಮೇಡಂ, ನಾನು ಮದುವೆಗೆ ಬಂದಿರ್ಲಿಲ್ಲ. ಇದು ಇಷ್ಟು ಹಸಿರು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಅದೂ ನಿಜವೇ. ಪುಣ್ಯಕ್ಕೆ ಎಲ್ಲವನ್ನೂ ರಾ ಫೈಲಿನಲ್ಲಿ ತೆಗೆದಿದ್ದರು. ಅದರಲ್ಲಿ ಬಣ್ಣವನ್ನು ಎಷ್ಟು ಸಲ ಬದಲಿಸಿದರೂ ಮೂಲ ಹಾಗೇ ಇರುತ್ತದೆ. ಅವನು ಬಳಸುವ ಲೈಟ್‌ರೂಮ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಹೆಚ್ಚು ಕಡಿಮೆ ಮಾಡಲು ಹಸಿರಿಗೇ ಬೇರೆ ಸ್ಲೈಡರ್, ಹಳದಿಗೇ ಬೇರೆ ಸ್ಲೈಡರ್. ಒಂದು ಫೋಟೋದಲ್ಲಿ ಸೀರೆಗೆ ಸರಿಯಾಗಿ ಹೊಂದಿಸಿ, ಅದನ್ನೇ ಆ ಬೆಳಕಿನ ಉಳಿದ ಫೋಟೋಗಳಿಗೂ ಹಚ್ಚಿದ. ಇಪ್ಪತ್ತು ನಿಮಿಷದ ಕೆಲಸ. ಗಿಳಿ ವಾಪಸ್ ಬಂತು.

ಬೊಟ್ಟಿನ ಬಗ್ಗೆ ಕೇಳಿದಾಗ ಗೊತ್ತಾಯಿತು, ಮುಖದ ಕೆಲಸ ಅಲ್ಲಿ ನಡೆಯುವುದೇ ಇಲ್ಲ. ಬೇರೆ ಊರಿಗೆ ಕಳಿಸುತ್ತಾರೆ, ಒಂದು ಫೋಟೋಗೆ ಇಷ್ಟು ಅಂತ. "ಕಲೆ ಕಂಡ್ರೆ ತೆಗೀರಿ ಅಂತಷ್ಟೇ ಅವ್ರಿಗೆ ಹೇಳಿರ್ತೀವಿ ಮೇಡಂ." ಬೊಟ್ಟೂ ಕಲೆ, ಹಚ್ಚೆಯೂ ಕಲೆ, ಮೂಗಿನ ಪಕ್ಕದ ಮಚ್ಚೆಯೂ ಕಲೆ. ಹುಟ್ಟಿದಾಗಿನಿಂದ ತಂಗಿಗೆ ಗುರುತು ಅಂತ ಇರುವುದೇ ಆ ಮಚ್ಚೆ, ಶಾಲೆಯ ಟಿಸಿಯಲ್ಲೂ ಬರೆದಿದ್ದಾರೆ. 52 ಫೋಟೋಗಳ ಮುಖದ ಕೆಲಸವನ್ನು ಪೂರ್ತಿ ತೆಗೆದುಹಾಕಿ ಮೊದಲಿನಿಂದ ಮಾಡಿಸಿದೆವು. ಮೊಡವೆ ತೆಗೆಯಿರಿ, ಬೆವರಿನ ಹೊಳಪು ತಗ್ಗಿಸಿ, ಅಷ್ಟು ಸಾಕು. ಮೈಬಣ್ಣ ಮುಟ್ಟಬೇಡಿ ಎಂದೂ ಹೇಳಿದೆ, ಯಾಕೆಂದರೆ ಅಲ್ಲೂ ಸದ್ದಿಲ್ಲದೆ ಒಂದು ಸುತ್ತು ಬಿಳುಪು ಮಾಡಿದ್ದರು. ಜಗಳ ಆಡಲಿಲ್ಲ, ಜಾಸ್ತಿ ದುಡ್ಡೂ ಕೇಳಲಿಲ್ಲ. ಮೂರು ವಾರ ತೆಗೆದುಕೊಂಡರು.

ಆಲ್ಬಂ 12 ಇಂಚು ಎತ್ತರ, 36 ಇಂಚು ಅಗಲದ ಹಾಳೆಗಳದ್ದು, 40 ಹಾಳೆ. ಪ್ರಿಂಟ್ ಚೆನ್ನಾಗಿದೆ, ಪರದೆಯಲ್ಲಿ ಕಂಡದ್ದಕ್ಕಿಂತ ಒಂದು ಎಳೆ ಕಪ್ಪು. ಕುಟುಂಬದ ದೊಡ್ಡ ಫೋಟೋದಲ್ಲಿ ಹಾಳೆಯ ಮಡಿಕೆ ಸರಿಯಾಗಿ ಸೋದರಮಾವನ ಮೂಗಿನ ಮೇಲೆ ಬಂದಿದೆ. ಡಿಸೈನ್ ಒಪ್ಪಿಗೆಗೆ ಕಳಿಸಿದಾಗ ನಾವೇ ನೋಡಲಿಲ್ಲ, ಅದು ನಮ್ಮ ತಪ್ಪು. ಮಾವ ಇನ್ನೂ ಆಲ್ಬಂ ನೋಡಿಲ್ಲ.

ಹತ್ತಕ್ಕೆ ಅಂಕ ಕೊಡು ಎಂದರೆ ಬೆಳಕಿಗೆ ಒಂಬತ್ತು, ಎಡಿಟಿಂಗ್‌ಗೆ ಮೊದಲ ಸಲ ಮೂರು, ತಿದ್ದಿದ ಮೇಲೆ ಏಳು. ಚಿಕ್ಕಪ್ಪನ ಮಗನ ಮದುವೆ ಬರುವ ಮಾಘದಲ್ಲಿದೆ, ಇವರಿಗೇ ಹೇಳಿದ್ದೇವೆ. ಮುಂಗಡ ಕೊಟ್ಟ ರಸೀದಿಯ ಹಿಂದೆ ನಾನೇ ಬರೆದು ಸಹಿ ಹಾಕಿಸಿಕೊಂಡಿದ್ದೇನೆ: ಬೊಟ್ಟು, ಹಚ್ಚೆ, ಮಚ್ಚೆ ಮುಟ್ಟಕೂಡದು. ಕೆಳಗೆ ಅಜ್ಜಿ ಇನ್ನೊಂದು ಸೇರಿಸಲು ಹೇಳಿದರು, ಅದನ್ನೂ ಬರೆದೆ: ಸುಕ್ಕು.