ಪ್ಲಾನೇರಿಯಾ ಕಿಟ್: ಹುಳುಗಳಿಗೆ ಫುಲ್ ಮಾರ್ಕ್ಸ್, ಪುಸ್ತಿಕೆ ಜಸ್ಟ್ ಪಾಸ್

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿಗೆ ಈ ವರ್ಷ ಆನ್‌ಲೈನ್‌ನಲ್ಲಿ ಪ್ಲಾನೇರಿಯಾ ಕಿಟ್ ತರಿಸಿದ್ವಿ. ಪ್ಲಾನೇರಿಯಾ ಅಂದ್ರೆ ನೀರಿನಲ್ಲಿರುವ ಒಂದು ಚಪ್ಪಟೆ ಹುಳು, ಕತ್ತರಿಸಿದರೆ ತುಂಡುಗಳೇ ಮತ್ತೆ ಪೂರ್ತಿ ಹುಳುವಾಗಿ ಬೆಳೆಯುತ್ತವೆ; ಅದನ್ನು ಮಕ್ಕಳಿಗೆ ತೋರಿಸೋಕೇ ಈ ಕಿಟ್. ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ಬೈಯೋದೂ ಸ್ವಲ್ಪ ಇದೆ. ಒಂದು ಬಾಟಲಿ ಜೀವಂತ ಚಪ್ಪಟೆ ಹುಳುಗಳು, ಪೆಟ್ರಿ ಡಿಶ್, ಡ್ರಾಪರ್, ಬ್ಲೇಡು, ಒಂದು ಭೂತಗನ್ನಡಿ, ಜೊತೆಗೊಂದು ತೆಳ್ಳಗಿನ ಪುಸ್ತಿಕೆ. ಸರ್ಕಾರಿ ಕಾಲೇಜಿನ ಲ್ಯಾಬ್ ಖರ್ಚಿನ ಲೆಕ್ಕದಲ್ಲಿ ಬೆಲೆ ಜಾಸ್ತಿನೇ.

ಹುಳುಗಳು ಮಾತ್ರ ಸೂಪರ್. ಸುಮಾರು ಒಂದು ಸೆಂಟಿಮೀಟರ್ ಉದ್ದ, ಕಂದು ಬಣ್ಣ, ತ್ರಿಕೋನದ ತಲೆ, ಅದರ ಮೇಲೆ ಮೆಳ್ಳೆಗಣ್ಣಿನ ಹಾಗೆ ಕಾಣುವ ಎರಡು ಚುಕ್ಕಿ. ಕೋಳಿ ಲಿವರ್‌ನ ಚಿಕ್ಕ ಚೂರು ಹಾಕಿದರೆ ಸಾಕು, ಜಾರಿಕೊಂಡು ಬಂದು ಅದರ ಮೇಲೆ ಏರುತ್ತವೆ. ಆಮೇಲೆ ಹೊಟ್ಟೆಯ ಮಧ್ಯದಿಂದ ಬಿಳಿ ಕೊಳವೆಯೊಂದು ಹೊರಗೆ ಬಂದು ಹೀರೋಕೆ ಶುರು. "ಮೇಡಂ, ಬಾಯಿ ಹೊಟ್ಟೇಲಿದ್ಯಾ?" ಅಂತ ಹಿಂದಿನ ಬೆಂಚಿನವನೊಬ್ಬ ಕೇಳಿದ. ಹೌದಪ್ಪ, ತಿನ್ನೋದೂ ಅಲ್ಲಿಂದಲೇ, ಹೊರಗೆ ಹಾಕೋದೂ ಅಲ್ಲಿಂದಲೇ. ಆ ಕೊಳವೆ ನೋಡಿದ ಮೇಲೆ ಮೊಬೈಲ್ ಯಾರ ಕೈಯಲ್ಲೂ ಇರಲಿಲ್ಲ. ಇದ್ದರೂ ವಿಡಿಯೋ ತೆಗೆಯೋಕೆ.

ಕತ್ತರಿಸುವ ಮುಂಚೆ ಒಂದು ವಾರ ಉಪವಾಸ ಹಾಕಬೇಕು. ಇದನ್ನು ಪುಸ್ತಿಕೆ ಹೇಳುತ್ತದೆ, ಸರಿ. ಐಸ್ ಪ್ಯಾಕ್ ಮೇಲೆ ಒದ್ದೆ ಫಿಲ್ಟರ್ ಪೇಪರ್ ಇಟ್ಟು ಅದರ ಮೇಲೆ ಹುಳು ಬಿಟ್ಟರೆ ಚಳಿಗೆ ನಿಧಾನವಾಗುತ್ತದೆ, ಆಗ ಬ್ಲೇಡನ್ನು ಎಳೆಯದೆ ಒಂದೇ ಸಲ ಒತ್ತಿದರೆ ನೀಟಾಗಿ ಮೂರು ತುಂಡು. ಈ ಐಸ್ ವಿಷಯ ಅದರಲ್ಲಿಲ್ಲ. ನೀರಿನ ಬಗ್ಗೆ ಬರೆದಿರೋದಂತೂ "ಶುದ್ಧ ನೀರು ಬಳಸಿ" ಅಂತ ಅಷ್ಟೇ. ನಮ್ಮಲ್ಲಿ ಶುದ್ಧ ನೀರು ಅಂದ್ರೆ ಎಲ್ಲರೂ ಆರ್‌ಓ ನೀರನ್ನೇ ಹಾಕೋದು ಅಲ್ವಾ? ಅದರಲ್ಲಿ ಲವಣ ತೀರಾ ಕಡಿಮೆ, ಈ ಹುಳುಗಳಿಗೆ ಆಗಿಬರಲ್ಲ. ನಲ್ಲಿ ನೀರಿನ ಕ್ಲೋರಿನ್ನೂ ಆಗಲ್ಲ. ಕ್ಲೋರಿನ್ ಹೋಗಲಾಡಿಸಿದ ನೀರು ಬೇಕು.

ಮುಂದಿನದೇ ಚಂದ. ಗಾಯ ಬೇಗ ಮುಚ್ಚಿಕೊಳ್ಳುತ್ತದೆ, ಕೆಲ ದಿನಕ್ಕೆ ತುದಿಯಲ್ಲಿ ಬಣ್ಣವಿಲ್ಲದ ಮೊಗ್ಗು ಬರುತ್ತದೆ. ಅದೇ ಬ್ಲಾಸ್ಟೀಮಾ. ವಾರದ ಹೊತ್ತಿಗೆ ಬಾಲದ ತುಂಡಿಗೆ ಕಣ್ಣಿನ ಚುಕ್ಕಿ ಮೂಡುತ್ತದೆ. ಆದರೆ ಸ್ವಲ್ಪ ಯೋಚಿಸಿ: ಬಾಲದ ತುಂಡಿಗೆ ಬಾಯೇ ಇಲ್ಲ, ತಿನ್ನೋ ಹಾಗಿಲ್ಲ. ಹಾಗಾದರೆ ತಲೆ ಕಟ್ಟೋಕೆ ಸಾಮಾನು ಎಲ್ಲಿಂದ ಬಂತು? ತನ್ನ ಮೈಯನ್ನೇ ಕರಗಿಸಿಕೊಂಡು, ಹಳೇ ಭಾಗಗಳ ಅಳತೆಯನ್ನೇ ಬದಲಾಯಿಸಿಕೊಂಡು ಪುಟಾಣಿ ಪೂರ್ತಿ ಹುಳುವಾಗುತ್ತದೆ. ಭೂತಗನ್ನಡಿಯಲ್ಲೇ ಕಾಣುವ ಇಂಥ ಸಂಗತಿಗೆ ಪುಸ್ತಿಕೆಯಲ್ಲಿ ಒಂದು ಸಾಲೂ ಇಲ್ಲ. ಅದರ ಬದಲು ಎರಡು ತಲೆಯ ಹುಳು ಮಾಡೋದು ಹೇಗೆ ಅಂತ ಬಣ್ಣದ ಚಿತ್ರಗಳು. ಅದೂ ಅರ್ಧಂಬರ್ಧ: ತಲೆಯನ್ನು ಉದ್ದಕ್ಕೆ ಸೀಳಿದರೆ ಸೀಳು ಮತ್ತೆ ಕೂಡಿಕೊಳ್ಳುತ್ತದೆ, ಆಗ ಮತ್ತೆ ಬಿಡಿಸಬೇಕು ಅನ್ನೋದನ್ನ ಹೇಳಿಲ್ಲ.

ನನಗೆ ಸಿಟ್ಟು ಬಂದಿದ್ದು ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲ ಜೀವಕೋಶ) ಪುಟಕ್ಕೆ. "ಈ ಹುಳುವಿನ ಯಾವುದೇ ಜೀವಕೋಶ ಹೊಸ ಹುಳುವಾಗಬಲ್ಲದು" ಅಂತ ಅಚ್ಚು ಹಾಕಿದ್ದಾರೆ. ತಪ್ಪು. ಆ ಕೆಲಸ ಮಾಡೋದು ನಿಯೋಬ್ಲಾಸ್ಟ್ ಅನ್ನುವ ಸ್ಟೆಮ್ ಸೆಲ್‌ಗಳು. ವಿಕಿರಣ ಹಾಯಿಸಿ ಅವನ್ನು ಕೊಂದರೆ ಹುಳು ಮತ್ತೆ ಬೆಳೆಯಲ್ಲ, ಕೆಲವು ವಾರದಲ್ಲಿ ಸಾಯುತ್ತದೆ. ಅಂಥ ಹುಳುವಿಗೆ ಒಂದೇ ಒಂದು ನಿಯೋಬ್ಲಾಸ್ಟ್ ಹಾಕಿ ಬದುಕಿಸಬಹುದು ಅಂತ ಅಮೆರಿಕದ ಸಂಶೋಧಕರು 2011ರಲ್ಲಿ ತೋರಿಸಿದರು. ವಿಕಿರಣ ನಮ್ಮ ಲ್ಯಾಬಿನಲ್ಲಿ ಆಗದ ಮಾತು. ಆದರೆ ಇದೇ ಕಿಟ್‌ನಲ್ಲಿ ಮಾಡಬಹುದಾದ್ದೊಂದಿದೆ: ಕಣ್ಣಿನ ಮುಂದಿರುವ ತುದಿಯನ್ನಷ್ಟೇ ಕತ್ತರಿಸಿ ಬೇರೆ ಡಿಶ್‌ನಲ್ಲಿಡಿ. ಆ ಜಾಗದಲ್ಲಿ ನಿಯೋಬ್ಲಾಸ್ಟ್ ಇಲ್ಲ, ಆ ಚೂರು ಹುಳುವಾಗಲ್ಲ. ತುದಿ ಕಳೆದುಕೊಂಡ ಹುಳು ಮಾತ್ರ ಹೊಸ ತುದಿ ಬೆಳೆಸಿಕೊಳ್ಳುತ್ತದೆ. 1898ರಲ್ಲೇ ಅಮೆರಿಕದ ಜೀವವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಆ ಚೂರು ಬೆಳೆಯೋದಿಲ್ಲ ಅಂತ ಬರೆದಿದ್ದ. ಎರಡು ಡಿಶ್ ಪಕ್ಕಪಕ್ಕ ಇಟ್ಟರೆ ಪಾಠವೇ ಬೇಡ.

ಸರ್ವಿಸ್ ಬಗ್ಗೆ ಜಾಸ್ತಿ ಹೇಳಲ್ಲ. ಮೊದಲ ಪಾರ್ಸೆಲ್ ಏಪ್ರಿಲ್ ಬಿಸಿಲಿನಲ್ಲಿ ಬಂತು, ಬಾಟಲಿ ತೆರೆದರೆ ಬರೀ ವಾಸನೆ. ಫೋನ್ ಮಾಡಿದರೆ "ಫೋಟೋ ಕಳಿಸಿ ಮೇಡಂ" ಅಂದರು, ಕಳಿಸಿದ ಮೇಲೆ ಬೇರೆ ಹುಳು ಕಳಿಸಿದರು, ಅಷ್ಟು ಮರ್ಯಾದೆ ಇದೆ. ಆದರೆ ತಂಪಿನಲ್ಲಿ ಬದುಕೋ ಜೀವಿಯನ್ನು ಐಸ್ ಪ್ಯಾಕ್ ಇಲ್ಲದೆ ಕಳಿಸೋದು ಯಾವ ಬುದ್ಧಿವಂತಿಕೆ?

ಬಿಎಸ್ಸಿ ಮಕ್ಕಳಿಗೆ ಖಂಡಿತ ತಗೊಳ್ಳಿ, ಆದರೆ ನವೆಂಬರ್‌ನಿಂದ ಜನವರಿ ಒಳಗೆ. ಬೆಂಗಳೂರಿನವರಾದರೆ ಅಲ್ಲಿನ ಸ್ಟೆಮ್ ಸೆಲ್ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್‌ನಲ್ಲಿ ಇದೇ ಹುಳುಗಳ ಮೇಲೆ ಸಂಶೋಧನೆ ನಡೆದಿದೆ, ಮಕ್ಕಳಿಗೆ ಅದನ್ನೂ ಹೇಳಿ. ಪ್ರಯೋಗ ಮುಗಿದ ಮೇಲೆ ಉಳಿದ ಹುಳುಗಳನ್ನು ಕೆರೆಗೋ ಮೀನಿನ ತೊಟ್ಟಿಗೋ ಸುರಿಯಬೇಡಿ. ಅಕ್ವೇರಿಯಂನಲ್ಲಿ ಸಿಗಡಿ ಸಾಕುವವರು ಪ್ಲಾನೇರಿಯಾ ಹೆಸರು ಕೇಳಿದರೇ ಉರಿದುಬೀಳ್ತಾರೆ.