ಪಿಕಪ್ಪಿಗೆ 5 ಟನ್ ಬಾಟಲ್ ಜಾಕ್: ಅಂಗಡಿಗೆ ಹೋಗುವಾಗ ಟೇಪು ಜೇಬಲ್ಲಿರಲಿ

ಬಳ್ಳಾರಿ, ಸಿಂಧನೂರು, ಗಂಗಾವತಿ ಕಡೆಯ ಆಟೊ ಸ್ಪೇರ್ಸ್ ಅಂಗಡಿಗಳಲ್ಲಿ ಪಿಕಪ್ ಗಾಡಿಗೆ ಜಾಕ್ ಕೊಡಿ ಎಂದರೆ ಸಾಮಾನ್ಯವಾಗಿ ಕೌಂಟರ್ ಮೇಲೆ ಬಂದು ಕೂರುವುದು ಇದೇ ಸೆಟ್ಟು: 5 ಟನ್ನಿನ ಹೈಡ್ರಾಲಿಕ್ ಬಾಟಲ್ ಜಾಕ್, ಎರಡು ತುಂಡಿನ ಹ್ಯಾಂಡಲ್, ಜೊತೆಗೊಂದು ಎಲ್ ಸ್ಪ್ಯಾನರ್. ಬ್ರ್ಯಾಂಡು ಹಲವು, ಒಳಗಿನ ರಚನೆ ಹೆಚ್ಚೂಕಡಿಮೆ ಒಂದೇ. ಜಾಕ್ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಸ್ಪ್ಯಾನರ್ ಮಾತ್ರ ಅಂಗಡಿಯಲ್ಲೇ ಬಿಟ್ಟು ಬನ್ನಿ. ಈ ಸೆಟ್ಟೊಂದೇ ಇದ್ದರೆ ಪಂಕ್ಚರ್ ದಿನ ಅರ್ಧ ಕೆಲಸವೂ ಆಗುವುದಿಲ್ಲ, ಅದು ಬೇರೆ ಮಾತು.

ಮೊದಲು ಟನ್ನಿನ ವಿಚಾರ. ಪಿಕಪ್ಪಿಗೆ 75 ಕೆ.ಜಿ.ಯ 20 ಚೀಲ ಭತ್ತ ಹಾಕಿದರೆ ಮಾಲೇ 1.5 ಟನ್, ಗಾಡಿಯೂ ಸೇರಿ 3 ಟನ್ ಆಸುಪಾಸು. ಹಿಂದಿನ ಆಕ್ಸಲ್ ಮೇಲೆ 2 ಟನ್ ಬಿತ್ತೆಂದೇ ಇಟ್ಟುಕೊಳ್ಳಿ, ಒಂದು ಬದಿ ಎತ್ತುವ ಜಾಕಿನ ಪಾಲಿಗೆ ಬರುವುದು ಸುಮಾರು 1 ಟನ್. ಲೆಕ್ಕಕ್ಕೆ 3 ಟನ್ನಿನದೇ ಸಾಕು. ಆದರೆ ನಮ್ಮ ಕಡೆ ಸುಗ್ಗಿಯಲ್ಲಿ 20 ಚೀಲಕ್ಕೆ ನಿಲ್ಲಿಸುವವರು ಯಾರು? 5 ಟನ್ ತೆಗೆದುಕೊಳ್ಳುವುದು ಸರಿ. ತಪ್ಪು ನಡೆಯುವುದು ಇದರ ಮುಂದೆ: 'ಇನ್ನಷ್ಟು ಗಟ್ಟಿ ಇರಲಿ' ಅಂತ 10 ಟನ್ನಿನದಕ್ಕೆ ಕೈ ಹಾಕುತ್ತಾರೆ. ಟನ್ ಏರಿದಂತೆ ಜಾಕಿನ ಕುಳಿತ ಎತ್ತರವೂ, ಅಂದರೆ ಪೂರಾ ಇಳಿಸಿದಾಗಿನ ಎತ್ತರವೂ, ಏರುತ್ತದೆ. ಬೇಕಾದ ದಿನ ಅದು ಆಕ್ಸಲ್ ಅಡಿಗೆ ಹೋಗುವುದೇ ಇಲ್ಲ.

ಸಾದಾ 5 ಟನ್ ಜಾಕಿನ ಕುಳಿತ ಎತ್ತರ 195ರಿಂದ 215 ಮಿ.ಮೀ. ಎಣ್ಣೆಯ ಒತ್ತಡದಲ್ಲಿ ಏಳುವುದು 120 ಮಿ.ಮೀ. ಸುಮಾರು. ತಲೆಯ ಮೇಲಿನ ಸ್ಕ್ರೂ ತಿರುವಿದರೆ ಇನ್ನೂ 60–70 ಮಿ.ಮೀ. ಸಿಗುತ್ತದೆ. ಗಾಳಿ ತುಂಬಿದ ಗಾಡಿಯಡಿ ಇದು ಸಲೀಸಾಗಿ ನುಸುಳುತ್ತದೆ, ಅಂಗಡಿ ಮುಂದೆ ಇಟ್ಟು ತೋರಿಸುವುದೂ ಹಾಗೆಯೇ. ಪಂಕ್ಚರ್ ಆದಾಗ ಲೆಕ್ಕ ಬೇರೆ. 15 ಇಂಚಿನ ಡಿಸ್ಕಿನ (ಟೈರ್ ಕೂರುವ ಕಬ್ಬಿಣದ ಚಕ್ರದ) ಅರ್ಧ ಎಂದರೆ 190 ಮಿ.ಮೀ. ಅದಕ್ಕೆ ಅಂಚು ಮತ್ತು ಚಪ್ಪಟೆಯಾದ ರಬ್ಬರ್ ಸೇರಿಸಿದರೆ ಆಕ್ಸಲ್ ನಡುಮಧ್ಯ ನೆಲದಿಂದ 230 ಮಿ.ಮೀ. ಆಸುಪಾಸಿಗೆ ಬಂದು ನಿಲ್ಲುತ್ತದೆ. ಆಕ್ಸಲ್ ಕೊಳವೆಯ ಅರ್ಧ ದಪ್ಪ ಕಳೆಯಿರಿ, ಉಳಿಯುವುದು 190ರ ಹತ್ತಿರ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್ ಪ್ಲೇಟು ಕೆಳಗಿದ್ದರೆ ಅದಕ್ಕಿಂತ ಕಡಿಮೆ. 195ರ ಜಾಕ್ ಹೇಗೆ ಹೋದೀತು?

ಆದ್ದರಿಂದ ಕೊಳ್ಳುವ ಮುಂಚೆ ಹಿಂದಿನ ಒಂದು ಗಾಲಿಯ ಗಾಳಿ ಪೂರಾ ಬಿಟ್ಟು, ಲೋಡ್ ಇರುವಾಗಲೇ, ಆಕ್ಸಲ್ ಅಡಿಯ ಜಾಗಕ್ಕೆ ಟೇಪು ಹಿಡಿಯಿರಿ. ಪಂಕ್ಚರ್ ಅಂಗಡಿ ಎದುರೇ ಮಾಡಿದರೆ ಗಾಳಿ ಮತ್ತೆ ತುಂಬಿಸುವ ತಾಪತ್ರಯವಿಲ್ಲ. ಆ ಅಳತೆಗಿಂತ ಕನಿಷ್ಠ 10 ಮಿ.ಮೀ. ಗಿಡ್ಡ ಇರುವ ಜಾಕ್ ಕೇಳಿ. ಸಿಗದಿದ್ದರೆ 40 ಮಿ.ಮೀ. ದಪ್ಪದ ಹಲಗೆಯೊಂದನ್ನು ಗಾಡಿಯಲ್ಲಿಡಿ. ಕೂತ ಗಾಲಿಯನ್ನು ನಿಧಾನ ಅದರ ಮೇಲೆ ಹತ್ತಿಸಿ ನಿಲ್ಲಿಸಿದರೆ ಆಕ್ಸಲ್ ಅಷ್ಟೇ ಮೇಲೇಳುತ್ತದೆ, ಜಾಕ್ ನುಸುಳುತ್ತದೆ. ಜಾಕ್ ಕೊಡಬೇಕಾದ್ದು ಆಕ್ಸಲ್ ಕೊಳವೆಗೆ, ಲೀಫ್ ಸ್ಪ್ರಿಂಗಿನ ಪಕ್ಕದಲ್ಲಿ. ಆಕ್ಸಲ್ ನಡುವಿನ ಡಿಫರೆನ್ಷಿಯಲ್‌ಗೆ (ಎರಡೂ ಗಾಲಿಗೆ ತಿರುಗುಬಲ ಹಂಚುವ ದುಂಡನೆಯ ಗೇರುಪೆಟ್ಟಿಗೆಗೆ) ಕೊಟ್ಟರೆ ಗಾಡಿ ತೊಟ್ಟಿಲಂತೆ ತೂಗುತ್ತದೆ. ಚಾಸಿಸ್ಸಿಗೆ ಕೊಟ್ಟರೆ ಸ್ಪ್ರಿಂಗ್ ಇಳಿಬಿದ್ದು, ಜಾಕಿನ ಎತ್ತುಗಡೆಯೆಲ್ಲ ಅದಕ್ಕೇ ಖರ್ಚಾಗುತ್ತದೆ. ಗಾಲಿ ನೆಲ ಬಿಡುವುದಿಲ್ಲ.

ಎರಡನೆಯ ಸಮಸ್ಯೆ ನೆಲದ್ದು. ಜಾಕಿನ ತಳ ಅಂಗೈ ಅಗಲ, ಹೆಚ್ಚೆಂದರೆ 10 ಸೆಂ.ಮೀ. ಚೌಕ. 1 ಟನ್ ಭಾರ ಬಿದ್ದರೆ ಪ್ರತಿ ಚದರ ಸೆಂ.ಮೀ.ಗೆ 10 ಕೆ.ಜಿ. ಹೆದ್ದಾರಿಯ ಡಾಂಬರೇ ಏಪ್ರಿಲ್ ಮಧ್ಯಾಹ್ನದಲ್ಲಿ ಇದಕ್ಕೆ ಒಗ್ಗುವುದಿಲ್ಲ. ಸಿರುಗುಪ್ಪ, ಸಿಂಧನೂರು ಸೀಮೆಯ ಎರೆಮಣ್ಣು ಮಳೆ ಬಿದ್ದ ಮೇಲಂತೂ ಕೇಳುವುದೇ ಬೇಡ: ಹ್ಯಾಂಡಲ್ ಹೊಡೆದಷ್ಟೂ ಜಾಕ್ ಕೆಳಗೆ ಹೋಗುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ. ಅದಕ್ಕಿಂತ ಅಪಾಯ ಓರೆಯಾಗಿ ಇಳಿಯುವುದು. 30 ಸೆಂ.ಮೀ. ಚೌಕದ ಜಾಲಿ ಹಲಗೆ ಅಡಿಗಿಟ್ಟರೆ ಒತ್ತಡ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪ್ಲೈವುಡ್ ಆದರೆ 18 ಮಿ.ಮೀ.ನ ಎರಡು ತುಂಡು ಅಂಟಿಸಿ, ಸ್ಕ್ರೂ ಹೊಡೆದುಕೊಳ್ಳಿ. ಹಲಗೆ ಇಟ್ಟರೆ ಜಾಕಿನ ಎತ್ತರ ಅಷ್ಟೇ ಹೆಚ್ಚುತ್ತದಲ್ಲ ಎಂಬ ಪ್ರಶ್ನೆ ಬರುತ್ತದೆ. ಮಣ್ಣಲ್ಲಿದ್ದರೆ ಹಲಗೆಯ ದಪ್ಪಕ್ಕೆ ಅಗೆದು, ನೆಲಮಟ್ಟಕ್ಕೆ ಕೂರಿಸಿ. ಡಾಂಬರಿನ ಮೇಲೆ ಅಗೆಯಲಾಗದು, ಅಲ್ಲಿ 6 ಮಿ.ಮೀ. ಕಬ್ಬಿಣದ ಪ್ಲೇಟು ಸಾಕು. ಗುಜರಿಯಲ್ಲಿ ಕೆ.ಜಿ. ಲೆಕ್ಕಕ್ಕೆ ಸಿಗುತ್ತದೆ.

ಜಾಕ್ ಚೆನ್ನಾಗಿದೆಯೋ ಇಲ್ಲವೋ ಅಂಗಡಿಯಲ್ಲೇ ನೋಡಬಹುದು. ನಿಮ್ಮದೇ ಗಾಡಿ ಎತ್ತಿಸಿ, ನೆಲದಿಂದ ಆಕ್ಸಲ್‌ವರೆಗೆ ಅಳೆದು, ಒಂದು ಚಹಾ ಕುಡಿದು ಬಂದು ಮತ್ತೆ ಅಳೆಯಿರಿ. ಕೆಲವು ಮಿ.ಮೀ. ಇಳಿದಿದ್ದರೆ ಒಳಗಿನ ಸೀಲ್ ಅಥವಾ ವಾಲ್ವ್ ಹಿಡಿಯುತ್ತಿಲ್ಲ, ಬೇರೆ ಪೀಸ್ ಕೇಳಿ. ಹ್ಯಾಂಡಲಿನ ಸೀಳಿದ ತುದಿ ಜಾಕ್ ಇಳಿಸಲು ತಿರುವುವ ರಿಲೀಸ್ ವಾಲ್ವಿಗೆ ಬಿಗಿಯಾಗಿ ಕೂರಬೇಕು. ಸಡಿಲವಿದ್ದರೆ ಇಳಿಸುವಾಗ ಜಾರುತ್ತದೆ, ಕೈ ಗಾಡಿಯಡಿ ಇರುತ್ತದೆ.

ಮುಂದೆ ಕೈಕೊಡುವ ಜಾಕುಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ, ಮಲಗಿಸಿ ಇಟ್ಟಿರುತ್ತಾರೆ ಅಷ್ಟೇ. ಸೀಟಿನ ಹಿಂದೆ ಉರುಳಾಡಿ ಪಂಪಿನೊಳಗೆ ಗಾಳಿ ಸೇರುತ್ತದೆ, ಹ್ಯಾಂಡಲ್ ಹೊಡೆದರೆ ಸ್ಪಂಜಿನಂತೆ ಮೆತ್ತಗೆ. ವಾಲ್ವ್ ಸಡಿಲಿಸಿ, ರಾಡ್ ಪೂರಾ ಕೆಳಗಿಳಿಸಿ, ಹತ್ತು ಹನ್ನೆರಡು ಸಲ ಹ್ಯಾಂಡಲ್ ಹೊಡೆದು ವಾಲ್ವ್ ಬಿಗಿ ಮಾಡಿದರೆ ಬಹುಪಾಲು ಸರಿಹೋಗುತ್ತದೆ. ಆಗಲೂ ಏಳದಿದ್ದರೆ ಪಕ್ಕದ ರಬ್ಬರ್ ಬಿರಡೆ ತೆಗೆದು ಎಣ್ಣೆ ನೋಡಿ. ರಾಡ್ ಕುಳಿತಿರುವಾಗ ತೂತಿನ ಕೆಳ ಅಂಚಿನವರೆಗೆ ಇರಬೇಕು. ಹಾಕುವುದು ಹೈಡ್ರಾಲಿಕ್ ಎಣ್ಣೆ ಮಾತ್ರ. ಬ್ರೇಕ್ ಆಯಿಲ್ ಹಾಕಿದರೆ ಒಳಗಿನ ಸೀಲು ಉಬ್ಬಿ ಹಾಳಾಗುತ್ತದೆ. ಟೈರ್ ಟ್ಯೂಬಿನ ಪಟ್ಟಿಯಿಂದ ಜಾಕನ್ನು ಕ್ಯಾಬಿನ್ ಮೂಲೆಗೆ ನೆಟ್ಟಗೆ ಕಟ್ಟಿಡಿ, ಈ ರಗಳೆಯೇ ಬರುವುದಿಲ್ಲ.

ಇನ್ನು ಆ ಎಲ್ ಸ್ಪ್ಯಾನರ್. ಸೆಟ್ಟಿನಲ್ಲಿ ಬರುವುದು 35 ಸೆಂ.ಮೀ. ಉದ್ದ, ಬಾಯಿ ತೆಳು. 60 ಕೆ.ಜಿ. ಆಳು ತುದಿಯ ಮೇಲೆ ನಿಂತರೆ ಸುಮಾರು 200 ನ್ಯೂಟನ್ ಮೀಟರ್ ತಿರುಚುಬಲ. ಕೈಯಿಂದ ಬಿಗಿದ ನಟ್ಟಿಗೆ ಇದು ಧಾರಾಳ. ಆದರೆ ಟೈರ್ ಅಂಗಡಿಯ ಏರ್ ಗನ್ನು ಅದರ ಎರಡರಷ್ಟು ಬಿಗಿದು ಕಳಿಸಿರುತ್ತದೆ. ಅಂಥ ನಟ್ಟಿನ ಮೇಲೆ ಈ ಸ್ಪ್ಯಾನರಿನ ಬಾಯಿ ಅಗಲವಾಗಿ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಗ್ಯಾಸ್ ಕಟಿಂಗ್ ಇಲ್ಲವೇ ಉಳಿ ಸುತ್ತಿಗೆಯೇ ಗತಿ. ಬದಲಿಗೆ ಆರು ಮೂಲೆಯ ಗಟ್ಟಿ ಸಾಕೆಟ್, ಅದಕ್ಕೆ ಅರ್ಧ ಇಂಚಿನ ಅಥವಾ ಮುಕ್ಕಾಲು ಇಂಚಿನ ಟಾಮಿ (ಸಾಕೆಟ್ ತಿರುಗಿಸುವ ಕಬ್ಬಿಣದ ಹಿಡಿ), ಮೇಲೆ ತೊಡಿಸಲು 3 ಅಡಿ ಜಿಐ ಪೈಪು ತೆಗೆದುಕೊಳ್ಳಿ. ಹನ್ನೆರಡು ಮೂಲೆಯ ಸಾಕೆಟ್ ಬೇಡ. ಸಾಕೆಟ್ 19 ಮಿ.ಮೀ. ಬೇಕೋ 21 ಬೇಕೋ ನಟ್ಟಿಗೆ ಹಾಕಿ ನೋಡಿಯೇ ಕೊಳ್ಳಿ, ಮುಂದಿನ ಹಿಂದಿನ ಗಾಲಿ ಎರಡಕ್ಕೂ. ಪೈಪು ಬಿಚ್ಚಲಿಕ್ಕೆ ಮಾತ್ರ. ಬಿಗಿಯುವಾಗಲೂ ಪೈಪು ಹಾಕಿದರೆ ಸ್ಟಡ್ ಮುರಿಯುತ್ತದೆ. ಟೈರ್ ಅಂಗಡಿಯಲ್ಲಿ ಗನ್ನಿನಿಂದ ಓಡಿಸಿ, ಕೊನೆಯ ಬಿಗಿತ ಕೈಯಲ್ಲಿ ಮಾಡಿ ಎಂದು ಹೇಳಿ ನಿಂತು ಮಾಡಿಸಿಕೊಳ್ಳುವವರಿಗೆ ಈ ಪೈಪಿನ ಕೆಲಸವೇ ಬೀಳುವುದಿಲ್ಲ.

ಸ್ಟೆಪ್ನಿ ಇದೆ ಎಂದು ನೆಮ್ಮದಿಯಿಂದ ಇರುವವರು ಅದನ್ನು ಒಮ್ಮೆ ಇಳಿಸಿ ನೋಡಲಿ. ಚಾಸಿಸ್ ಅಡಿ ತೂಗುವ ಸ್ಟೆಪ್ನಿಯ ಸರಪಳಿ, ಬೋಲ್ಟು ಎಲ್ಲವೂ ಗದ್ದೆ ಕೆಸರು ತಿಂದು ತುಕ್ಕು ಹಿಡಿದಿರುತ್ತವೆ. ಕಳ್ಳರ ಭಯಕ್ಕೆ ಹಾಕಿದ ಬೀಗದ ಕೀಲಿ ಮಾಲೀಕರ ಮನೆಯಲ್ಲಿ, ಗಾಡಿ ಲಿಂಗಸುಗೂರಿನಲ್ಲಿ! ಎರಡು ತಿಂಗಳಿಗೊಮ್ಮೆ ಇಳಿಸಿ, ಸರಪಳಿಗೆ ಗ್ರೀಸ್ ಹಚ್ಚಿ, ಬೀಗಕ್ಕೆ ಎಣ್ಣೆ ಬಿಡಿ. ಗಾಳಿಯನ್ನು ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಲೋಡ್ ಇರುವ ಹಿಂದಿನ ಗಾಲಿಗೆ ಬರೆದಷ್ಟೇ ತುಂಬಿಸಿಡಿ. ಮುಂದಿನ ಗಾಲಿಗೆ ಬೇಕಾದರೆ ಒಂದಿಷ್ಟು ಬಿಡಬಹುದು, ರಾತ್ರಿ ಹೊತ್ತು ತುಂಬಲಿಕ್ಕೆ ಎಲ್ಲಿಗೆ ಹೋಗುವುದು? ಡಿಸ್ಕ್ ಸಮೇತ ಸ್ಟೆಪ್ನಿ 25–30 ಕೆ.ಜಿ. ತೂಗುತ್ತದೆ. ಎತ್ತಿ ಕೂರಿಸುವ ಬದಲು ಪಾದದ ಮೇಲೆ ಗಾಲಿ ಇಟ್ಟು, ಟಾಮಿಯಿಂದ ಮೀಟಿದರೆ ಒಬ್ಬನೇ ಸ್ಟಡ್ಡಿಗೆ ಕೂರಿಸಬಹುದು.

ಸಿಗರೇಟ್ ಸಾಕೆಟ್ಟಿಗೆ ಚುಚ್ಚುವ 12 ವೋಲ್ಟ್ ಪುಟ್ಟ ಕಂಪ್ರೆಸರ್ ಕಾರಿಗೆ ಸರಿ. ಪಿಕಪ್ಪಿನ 50–60 ಪಾಯಿಂಟಿಗೆ (ಪಿಎಸ್‌ಐ) ಅದು ಕಾದು ನಿಲ್ಲುತ್ತದೆ, ಇಲ್ಲವೇ ಫ್ಯೂಸ್ ಹೋಗುತ್ತದೆ. ಬೇಕೇ ಬೇಕೆಂದರೆ ಬ್ಯಾಟರಿಗೆ ನೇರ ಕ್ಲಿಪ್ ಹಾಕುವಂಥದ್ದು ತನ್ನಿ. ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ಟು ಟ್ಯೂಬ್ ಇರುವ ಟೈರಿಗೆ ಕೆಲಸಕ್ಕೆ ಬಾರದು.

ರಸ್ತೆಯಲ್ಲಿ ಕೆಲಸದ ಕ್ರಮ ದೊಡ್ಡದಲ್ಲ, ಒಂದು ಕಡೆ ಮಾತ್ರ ಜನ ಎಡವುತ್ತಾರೆ. 'ಗೇರಿಗೆ ಹಾಕಿದೀನಿ, ಗಾಡಿ ಎಲ್ಲಿ ಹೋಗುತ್ತೆ' ಎನ್ನುತ್ತಾರೆ. ಹಿಂದಿನ ಒಂದು ಗಾಲಿ ನೆಲ ಬಿಟ್ಟ ಕೂಡಲೇ ಡಿಫರೆನ್ಷಿಯಲ್‌ನಿಂದಾಗಿ ಅದು ಗಾಳಿಯಲ್ಲಿ ಸುತ್ತಬಲ್ಲದು, ನೆಲದಲ್ಲಿರುವ ಗಾಲಿಯನ್ನು ಗೇರು ಹಿಡಿಯುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಎದುರು ಬದಿಯ ಗಾಲಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಟ್ಟಮೇಲೇ ಜಾಕ್ ಮುಟ್ಟಬೇಕು. ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸುವುದು ಗಾಲಿ ನೆಲದಲ್ಲಿರುವಾಗಲೇ. ಬಿಚ್ಚಿದ ಗಾಲಿಯನ್ನು ಚಾಸಿಸ್ ಅಡಿಗೆ ತಳ್ಳಿಡಿ, ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ನಟ್ಟಿನ ಕೋನಾಕಾರದ ಮುಖ ಒಳಗೆ, ಬಿಗಿಯುವುದು ಎದುರುಬದುರು, ಸ್ಟಡ್ಡಿಗೆ ಗ್ರೀಸ್ ಬೇಡ, 50 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಹೊಸಪೇಟೆ–ಕೊಪ್ಪಳದಂಥ ಹೆದ್ದಾರಿಯಲ್ಲಿ ಗಾಡಿಗಳು ಓಡಾಡುವ ಕಡೆಯ, ಅಂದರೆ ಬಲಬದಿಯ, ಗಾಲಿ ಪಂಕ್ಚರ್ ಆದರೆ ಲಾರಿಗಳ ಗಾಳಿಗೇ ಗಾಡಿ ಅಲ್ಲಾಡುತ್ತದೆ. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಹಚ್ಚಿ ಗಸ್ತು ಗಾಡಿ ಕರೆಸಿ, ತ್ರಿಕೋನ ಫಲಕವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ.

ಜಾಕಿನ ಬೆಲೆ ಎರಡು ಸಾವಿರದೊಳಗೆ. ಸೀಲ್ ಕಿಟ್ ಸಿಗುವ ಮಾದರಿಯೇ ಎಂದು ಕೇಳಿ ಬಿಲ್ ಹಾಕಿಸಿಕೊಳ್ಳಿ. ಟಾಟಾ ಏಸ್‌ನಂಥ 12 ಇಂಚಿನ ಗಾಲಿಯ ಸಣ್ಣ ಗಾಡಿಯವರು ಇದನ್ನು ಕೊಳ್ಳುವುದೇ ಬೇಡ. ಕೂತ ಗಾಲಿಯಡಿ ಇದು ಸುತರಾಂ ಹೋಗುವುದಿಲ್ಲ, ಅವರಿಗೆ 2–3 ಟನ್ನಿನ ಗಿಡ್ಡ ಜಾಕೇ ಬೇಕು.