ಸರಸ್ವತಿಪುರಂನ ಗ್ರೂಪ್ ಫಿಟ್‌ನೆಸ್ ತರಗತಿ: ಎರಡು ವರ್ಷಗಳ ಬಳಕೆಯ ನಂತರ

ಮೈಸೂರಿನ ಸರಸ್ವತಿಪುರಂನ ಒಂದು ಸ್ಟುಡಿಯೋದಲ್ಲಿ ಬೆಳಗಿನ ಆರು ಗಂಟೆಯ ಬ್ಯಾಚ್‌ಗೆ ನಾನು ಎರಡು ವರ್ಷಗಳಿಗೂ ಹೆಚ್ಚು ಕಾಲದಿಂದ ಹೋಗುತ್ತಿದ್ದೇನೆ. ವಾರದಲ್ಲಿ ಎರಡು ದಿನ ತೂಕ ಎತ್ತುವ ವ್ಯಾಯಾಮ, ಎರಡು ದಿನ ಜುಂಬಾ (ಸಂಗೀತಕ್ಕೆ ಕುಣಿಯುವ ವ್ಯಾಯಾಮ), ಒಂದು ದಿನ ಯೋಗ ಎಂಬುದು ಅಲ್ಲಿನ ವೇಳಾಪಟ್ಟಿ. ಅದಕ್ಕೂ ಮೊದಲು ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವುದಷ್ಟೇ ನನ್ನ ವ್ಯಾಯಾಮವಾಗಿತ್ತು. ಮಳೆ ಬಂದರೂ ರಜೆ, ಮನೆಗೆ ನೆಂಟರು ಬಂದರೂ ರಜೆ. ವಿಚಾರಿಸುವವರೆಲ್ಲ ಮೊದಲು ಕೇಳುವುದು ತೂಕದ ವಿಷಯವಾದ್ದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ: ನನ್ನ ತೂಕ ಹೇಳಿಕೊಳ್ಳುವಷ್ಟೇನೂ ಇಳಿದಿಲ್ಲ, ಊಟದ ಕ್ರಮ ಬದಲಾಗದೆ ಕೇವಲ ತರಗತಿಯಿಂದ ಅದು ಇಳಿಯುತ್ತದೆಂದು ನಂಬಿ ಯಾರೂ ಹಣ ಕಟ್ಟಬೇಕಾಗಿಲ್ಲ. ಕೊಟ್ಟ ಶುಲ್ಕಕ್ಕೆ ಪ್ರತಿಯಾಗಿ ನನಗೆ ದಕ್ಕಿರುವುದು ಸುಲಭವಾಗಿ ತಪ್ಪಿಸಿಕೊಳ್ಳಲಾಗದ ಒಂದು ಹೊತ್ತು, ಮತ್ತು ಆ ಹೊತ್ತಿಗೆ ನನ್ನ ದಾರಿ ನೋಡುವ ಹತ್ತು ಹನ್ನೆರಡು ಜನ.

ದಾರಿ ನೋಡುವುದೆಂದರೆ ಮಾತಿಗೆ ಹೇಳಿದ್ದಲ್ಲ. ಎರಡು ದಿನ ಕಾಣಿಸದಿದ್ದರೆ ಬ್ಯಾಚ್‌ನ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಯಾಕೆ, ಹುಷಾರಿಲ್ಲವಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಮತ್ತು ಸೋಮಾರಿತನವನ್ನು ಕಾರಣವಾಗಿ ಬರೆದು ಕಳುಹಿಸಲು ಬೆರಳು ಹಿಂಜರಿಯುತ್ತದೆ. ಜೊತೆಯಲ್ಲಿ ಮಾಡಿದಾಗ ದೇಹ ಹೆಚ್ಚು ದುಡಿಯುತ್ತದೆ ಎನ್ನುವುದೂ ಹೊಸ ಸಂಗತಿಯೇನಲ್ಲ. ಸೈಕಲ್ ಸ್ಪರ್ಧಿಗಳು ಒಬ್ಬರೇ ಗಡಿಯಾರದ ವಿರುದ್ಧ ಓಡಿಸುವುದಕ್ಕಿಂತ ಇತರರ ಜೊತೆಯಲ್ಲಿ ವೇಗವಾಗಿ ಸಾಗುತ್ತಾರೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ನಾರ್ಮನ್ ಟ್ರಿಪ್ಲೆಟ್ 1898ರಲ್ಲೇ ಬರೆದಿದ್ದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ಹುಟ್ಟುಗಾರರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಹುಟ್ಟು ಹಾಕುವ ವ್ಯಾಯಾಮ ಯಂತ್ರಗಳ ಮೇಲೆ ಒಬ್ಬೊಬ್ಬರೇ ಹಾಕಿದ ನಂತರಕ್ಕಿಂತ ತಂಡವಾಗಿ ಒಂದೇ ಲಯದಲ್ಲಿ ಹಾಕಿದ ನಂತರ ಅವರು ನೋವನ್ನು ಹೆಚ್ಚು ತಾಳಿಕೊಂಡರೆಂದು ಕಂಡುಬಂದಿತ್ತು. ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ಹಲಗೆಯಂತೆ ನೇರವಾಗಿ ಹಿಡಿಯುವ ಪ್ಲ್ಯಾಂಕ್‌ನಲ್ಲಿ, ನಮ್ಮ ತರಗತಿಯಲ್ಲಿ ಇದು ದಿನವೂ ಕಾಣುತ್ತದೆ. ಮನೆಯಲ್ಲಿ ಅರ್ಧಕ್ಕೇ ಮೊಣಕಾಲೂರುವ ನಾನು, ಪಕ್ಕದ ಮ್ಯಾಟ್‌ನಲ್ಲಿರುವ ನಿವೃತ್ತ ಶಿಕ್ಷಕಿ ಇನ್ನೂ ಅಲುಗಾಡದಿರುವುದನ್ನು ಕಂಡು ಮತ್ತಷ್ಟು ಹೊತ್ತು ಹಲ್ಲುಕಚ್ಚಿ ನಿಲ್ಲುತ್ತೇನೆ.

ಈ ಚಂದಾದಾರಿಕೆಯಲ್ಲಿ ನನಗೆ ಅತ್ಯಂತ ಬೆಲೆಬಾಳುವಂತೆ ಕಂಡದ್ದು ತೂಕ ಎತ್ತುವ ತರಗತಿ. ಡೆಡ್‌ಲಿಫ್ಟ್ (ನೆಲದ ಮೇಲಿನ ತೂಕವನ್ನು ಎತ್ತಿ ನೇರ ನಿಲ್ಲುವುದು) ಕಲಿಸುವ ಮುನ್ನ ತರಬೇತುದಾರರು ಕೈಗೆ ತೂಕ ಕೊಡಲಿಲ್ಲ. ಬೆನ್ನ ಮೇಲೆ ಉದ್ದಕ್ಕೆ ಒಂದು ಕೋಲನ್ನಿಟ್ಟು, ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಸೊಂಟದ ಕೆಳಗಿನ ಮೂಳೆ ಈ ಮೂರೂ ಕಡೆ ಅದು ತಾಗಿಕೊಂಡೇ ಇರುವಂತೆ ಬಾಗಲು ಹೇಳಿದರು. ಬೆನ್ನು ಗೂನಾದ ಕ್ಷಣವೇ ಕೋಲು ಒಂದು ಕಡೆಯಿಂದ ಎದ್ದುಬಿಡುತ್ತದೆ, ಬೇರೆ ಯಾರೂ ತಿದ್ದಬೇಕಾಗಿಲ್ಲ. ಹೀಗೆ ಸೊಂಟದಿಂದ ಬಾಗುವುದು ರೂಢಿಯಾದ ಮೇಲೆ ಗ್ಯಾಸ್ ಸಿಲಿಂಡರ್ ಸರಿಸುವಾಗಲೂ ಅಕ್ಕಿ ಮೂಟೆ ಎತ್ತುವಾಗಲೂ ಬೆನ್ನು ಹಿಡಿದುಕೊಳ್ಳುವುದು ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ. ಜುಂಬಾ ಮಾತ್ರ ಮಾಡಿ ಮನೆಗೆ ಹೋಗುವ ನಮ್ಮ ಬ್ಯಾಚ್‌ನ ಅರ್ಧ ಜನರಿಗೆ ಈ ಎರಡನೆಯ ಭಾಗ ತಪ್ಪಿಯೇ ಹೋಗುತ್ತಿದೆ. ಜುಂಬಾ ಖುಷಿ ಕೊಡುತ್ತದೆ, ಚೆನ್ನಾಗಿ ಬೆವರಿಳಿಸುತ್ತದೆ, ಅದರ ಬಗ್ಗೆ ಇನ್ನೇನೂ ಹೇಳುವುದಿಲ್ಲ.

ಇನ್ನು ಕೊರತೆಗಳು. ಜನವರಿ ಬಂತೆಂದರೆ ಮ್ಯಾಟ್‌ಗೆ ಮ್ಯಾಟ್ ತಾಗುವಷ್ಟು ಜನರನ್ನು ಸೇರಿಸಿಕೊಳ್ಳುತ್ತಾರೆ, ಆಗ ತರಬೇತುದಾರರ ಕಣ್ಣು ಮುಂದಿನ ಎರಡು ಸಾಲುಗಳಿಂದಾಚೆ ಬೀಳುವುದೇ ಇಲ್ಲ. ಮೊಣಕಾಲು ನೋವಿರುವವರಿಗೆ ಜಿಗಿತದ ಬದಲು ಏನು ಮಾಡಬೇಕೆಂದು ಕಾಯಂ ತರಬೇತುದಾರರು ತಾವಾಗಿಯೇ ಹೇಳುತ್ತಾರೆ, ಅವರ ಬದಲಿಗೆ ಬರುವ ತರಬೇತುದಾರರು ನಾವು ಕೇಳಿದರೂ ಗಮನ ಕೊಡುವುದಿಲ್ಲ. ಸಂಗೀತದ ಅಬ್ಬರ ಇನ್ನೊಂದು ತೊಂದರೆ. ಸೂಚನೆಯೇ ಕೇಳಿಸದಿದ್ದರೆ ಮುಂದಿನವರ ತಪ್ಪನ್ನೇ ನಾವೂ ನಕಲು ಮಾಡುತ್ತೇವೆ. ಎಲ್ಲರಿಗೂ ಒಂದೇ ವೇಗ ಎಂಬುದು ಇಂಥ ತರಗತಿಗಳ ಮೂಲ ದೋಷವೆಂದೇ ನನಗೆ ಅನಿಸುತ್ತದೆ. ಇದೇ ಊರಿನಲ್ಲಿ ಪಟ್ಟಾಭಿ ಜೋಯಿಸರು ಕಲಿಸಿ ಲೋಕವೆಲ್ಲ ಹಬ್ಬಿದ ‘ಮೈಸೂರು ಶೈಲಿ’ಯ ಅಷ್ಟಾಂಗ ಯೋಗದಲ್ಲಿ ಒಂದೇ ಕೋಣೆಯಲ್ಲಿ ಹಲವರಿದ್ದರೂ ಪ್ರತಿಯೊಬ್ಬರೂ ತಮ್ಮ ಉಸಿರಿನ ವೇಗದಲ್ಲಿ, ತಾವು ಕಲಿತಷ್ಟನ್ನು ಅಭ್ಯಾಸ ಮಾಡುತ್ತಾರೆ, ಗುರುಗಳು ಸುತ್ತಾಡುತ್ತ ಒಬ್ಬೊಬ್ಬರನ್ನೇ ತಿದ್ದುತ್ತಾರೆ. ಆ ಪದ್ಧತಿ ಕಣ್ಣೆದುರಿಗೇ ಇರುವ ಊರಿನ ಸ್ಟುಡಿಯೋಗಳು ಅದರಿಂದ ಇಷ್ಟಾದರೂ ಕಲಿಯಬಹುದಿತ್ತು. ಸದ್ಯಕ್ಕೆ ನನ್ನ ವೇಗಕ್ಕೆ ನಾನು ಬಳಸುವ ಅಳತೆಗೋಲು ಮಾತಾಡುವುದೇ: ಮಧ್ಯಮ ಶ್ರಮದಲ್ಲಿರುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು, ಒಂದೆರಡು ಪದಕ್ಕೇ ಉಸಿರು ಸಿಕ್ಕಿಕೊಂಡರೆ ಗುಂಪು ಎಷ್ಟೇ ಮುಂದೆ ಹೋದರೂ ನಾನು ವೇಗ ಇಳಿಸುತ್ತೇನೆ.

ಸೇರಬೇಕೆಂದಿರುವವರು ಉಚಿತ ಪ್ರಾಯೋಗಿಕ ತರಗತಿಯನ್ನು ತಾವು ನಿಜವಾಗಿ ಹೋಗಲಿರುವ ಬ್ಯಾಚ್‌ನಲ್ಲೇ ನೋಡಬೇಕು, ಏಕೆಂದರೆ ಸಂಜೆಯ ಬ್ಯಾಚ್‌ಗೂ ಬೆಳಗಿನ ಬ್ಯಾಚ್‌ಗೂ ಜನಸಂಖ್ಯೆ, ತರಬೇತುದಾರರು ಎರಡೂ ಬೇರೆ. ಹೃದ್ರೋಗ, ಅಧಿಕ ರಕ್ತದೊತ್ತಡ ಅಥವಾ ಕೀಲಿನ ತೊಂದರೆ ಇರುವವರು ವೈದ್ಯರನ್ನು ಕೇಳಿ, ಅದನ್ನು ತರಬೇತುದಾರರಿಗೂ ಮೊದಲ ದಿನವೇ ತಿಳಿಸುವುದು ಒಳ್ಳೆಯದು. ವಾರ್ಷಿಕ ಪ್ಯಾಕೇಜ್ ತಿಂಗಳ ಲೆಕ್ಕದಲ್ಲಿ ಅಗ್ಗವಾದರೂ ನಡುವೆ ಬಿಟ್ಟರೆ ಹಣ ಹಿಂದಿರುಗಿಸುವುದಿಲ್ಲ, ತರಬೇತುದಾರರು ಬದಲಾದರೂ ಅದೇ ನಿಯಮ. ಹಾಗಾಗಿ ಈ ಸಲವೂ ನಾನು ಮೂರು ತಿಂಗಳಿಗಷ್ಟೇ ನವೀಕರಿಸಿದ್ದೇನೆ, ಅದೇ ಆರು ಗಂಟೆಯ ಬ್ಯಾಚ್‌ಗೆ.